ಸದ್ದಿಲ್ಲದ ರೊಟ್ಟಿ

ತಪ್. ತಪ್. ತಪ್ ತಪ್ ತಪ್.

ಬೆಳಗಿನ ಆರಕ್ಕೆ ಆ ಸದ್ದು ಎದ್ದಿತೆಂದರೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಮಾತು ನಿಲ್ಲುತ್ತಿತ್ತು. ನೀರಿನ ಟ್ಯಾಂಕಿನ ಹತ್ತಿರ ಹಲ್ಲುಜ್ಜುತ್ತಿದ್ದವರು ಬೆರಳನ್ನು ಬಾಯಲ್ಲೇ ಬಿಟ್ಟು ತಲೆ ಎತ್ತುತ್ತಿದ್ದರು. ಏಳನೆಯ ಶೆಡ್ಡಿನಲ್ಲಿ ಯಂಕವ್ವ ಜೋಳದ ಹಿಟ್ಟು ನಾದಿ, ಸ್ಲ್ಯಾಬಿಗೆ ಹಾಕುವ ಹಲಗೆಯ ತುಂಡೊಂದನ್ನು ತೊಳೆದಿಟ್ಟುಕೊಂಡು, ಅದರ ಮೇಲೆ ರೊಟ್ಟಿ ಬಡಿಯುತ್ತಿದ್ದಾಳೆ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬೀಳುತ್ತಿತ್ತು. ಮೊದಲ ನೆರಳು ಯಾವಾಗಲೂ ಪಕ್ಕದ ಶೆಡ್ಡಿನ ಸುಮಂಗಲಾಳದು. ಹೆಗಲ ಮೇಲೆ ಐದು ತಿಂಗಳ ಕೂಸು.

"ಯಕ್ಕಾ, ಊರಿಂದ ಹಿಟ್ಟು ಬಂತೇನ?"

"ಬಂದದ ಬಾ. ಒಳಗ ಹೊಗಿ ಅದ, ಕೂಸಿನ್ನ ಹಿಡ್ಕೊಂಡು ಅಲ್ಲೇ ನಿಂದ್ರು."

"ನನಗೇನ್ ಬ್ಯಾಡ್ರಿ. ಸುಮ್ನ ಕೇಳ್ದೆ."

"ಸುಮ್ನ ಕೇಳಾಕಿ ಬೆನ್ನ ಹಿಂದ ತಾಟ ಯಾಕ ಹಿಡದೀ?"

ಸುಮಂಗಲಾ ನಕ್ಕು ತಾಟು ಮುಂದೆ ಚಾಚುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು.

ಸುರಪುರದ ಕೆಳಗಿನ ಯಂಕವ್ವನ ಊರಿನಲ್ಲಿ ಈ ಸದ್ದು ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಏಳುತ್ತಿತ್ತು. ಆದ್ದರಿಂದ ಒಬ್ಬರದು ಇನ್ನೊಬ್ಬರಿಗೆ ಕೇಳುತ್ತಲೇ ಇರಲಿಲ್ಲ. ಇಲ್ಲಿ ಮೂವತ್ತು ಶೆಡ್ಡುಗಳ ನಡುವೆ ಒಂದೇ ಒಂದು ಕಡೆ ಏಳುತ್ತಿತ್ತು. ಸದ್ದು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಯಂಕವ್ವನಿಗೆ ಯಾರೂ ಕಲಿಸಿರಲಿಲ್ಲ. ಬಿಸಿ ಹಂಚು ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುವಂತೆ, ಯಾರಾದರೂ ಬಾಗಿಲಲ್ಲಿ ನಿಂತರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಆ ಕೈಯನ್ನು ಹಿಡಿದು ನಿಲ್ಲಿಸಬೇಕಾದ ಕಾಲ ಬಂದೀತೆಂದು ಅವಳು ಎಣಿಸಿರಲಿಲ್ಲ.

ಈ ಶೆಡ್ಡುಗಳ ಗುಡ್ಡ ಇದ್ದದ್ದು ಮಹಾರಾಷ್ಟ್ರದ ಭೋರ್ ಪೇಟೆ ದಾಟಿ, ಅಣೆಕಟ್ಟಿನ ನೀರು ಕೆಳಗೆ ಕಾಣುವ ಎತ್ತರದಲ್ಲಿ. ಪುಣೆಯಲ್ಲಿ ದುಡಿಯುವವರು ಶನಿವಾರ ಬಂದು ರವಿವಾರ ಹೋಗಲು ಅಲ್ಲಿ ನಲವತ್ತೆರಡು ಬಂಗಲೆ ಏಳುತ್ತಿದ್ದವು. ಮಾದರಿಗೆಂದು ಮೊದಲೇ ಕಟ್ಟಿ ಮುಗಿಸಿದ ಬಂಗಲೆಯ ಅಡುಗೆಮನೆಯಲ್ಲಿ ಗಾಜಿನ ಬುಟ್ಟಿಯ ತುಂಬ ಪ್ಲಾಸ್ಟಿಕ್ಕಿನ ಕಿತ್ತಳೆ, ದ್ರಾಕ್ಷಿ. ವಾರಕ್ಕೊಮ್ಮೆ ಅವುಗಳ ಧೂಳು ಒರೆಸುವ ಕೆಲಸ ಯಂಕವ್ವನದೇ. ಮಿಕ್ಕ ದಿನ ಅವಳು ಇಟ್ಟಿಗೆ ಹೊರುತ್ತಿದ್ದಳು, ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಳು.

ಆ ಗುಡ್ಡದ ಮೇಲೆ ತಿನ್ನುವಂಥದ್ದು ಸಿಗುತ್ತಿದ್ದುದು ಒಂದೇ ಕಡೆ, ಗೇಟಿನೊಳಗಿನ ಬಾಳುವಿನ ಅಂಗಡಿಯಲ್ಲಿ. ಬಿಸ್ಕಿಟು, ಬಣ್ಣದ ಕಾಗದದಲ್ಲಿ ಕಟ್ಟಿದ ಕುರುಕಲು, ಎರಡು ನಿಮಿಷದ ಶಾವಿಗೆ, ಮೈದಾ, ಅಕ್ಕಿ, ಮೊಳಕೆ ಬಂದ ಆಲೂಗಡ್ಡೆ. ಮೊದಲ ಸಲ ಜೋಳ ಕೇಳಿದಾಗ ಬಾಳು ನಕ್ಕು ಮರಾಠಿಯಲ್ಲಿ ಹೇಳಿದ್ದ: "ಇದು ಅಕ್ಕಿ ಸೀಮೆ, ಮಾವಶಿ. ಜ್ವಾರಿ ತರಿಸಿದರೆ ನನ್ನ ಅಂಗಡೀಲಿ ಇಲಿ ಮಾತ್ರ ತಿಂದಾವು." ಸೊಪ್ಪು ಕೇಳಿದಾಗ ಕೊತ್ತಂಬರಿಯ ಒಂದು ಒಣ ಕಟ್ಟು ತೋರಿಸಿದ್ದ. ಗುಡ್ಡದ ಕೆಳಗಿನ ವಾಡಿಯ ಜನ ಮೊದಲು ಇದೇ ಇಳಿಜಾರಿನಲ್ಲಿ ನಾಚಣಿ, ಅಂದರೆ ರಾಗಿ, ಬೆಳೆಯುತ್ತಿದ್ದರಂತೆ. ಭೂಮಿ ಮಾರಿ ಹೋದರು. ಈಗ ಅಲ್ಲಿ ಬೀಗ ಹಾಕಿದ ಮನೆಗಳೂ ಇಬ್ಬರು ಮುದುಕಿಯರೂ ಉಳಿದಿದ್ದರು. ಭೋರ್ ಪೇಟೆಗೆ ಹೋಗಬೇಕೆಂದರೆ ಒಂಬತ್ತು ಕಿಲೋಮೀಟರು ಇಳಿದು ಜೀಪು ಕಾಯಬೇಕು. ಸಂತೆ ಬೀಳುವುದು ಕೆಲಸದ ದಿನ. ರಜೆ ರವಿವಾರ. ರೇಷನ್ ಕಾರ್ಡು ಊರಲ್ಲಿತ್ತು. ಅದರ ಮೇಲೆ ಮಗಳು ಶೀತಲ, ಅವಳ ಅಜ್ಜಿ, ಇಬ್ಬರ ಹೊಟ್ಟೆ ನಡೆಯುತ್ತಿತ್ತು.

ಹೀಗೆ ಎಲ್ಲರೂ ಅನ್ನ ತಿಂದರು, ಶಾವಿಗೆ ತಿಂದರು. ಯಂಕವ್ವನೂ ತಿಂದಳು. ಹಣಮಂತ್ರಾಯನ ಕಾಲಿನ ಹುಣ್ಣು ಕಾಣಿಸಿಕೊಳ್ಳುವ ತನಕ ಅದೊಂದು ಕೊರತೆಯಾಗಿತ್ತು, ಅಷ್ಟೆ. ಭಯವಾಗಿರಲಿಲ್ಲ.

ಹಣಮಂತ್ರಾಯ ಅವಳ ಗಂಡ. ಒಳ್ಳೆಯ ಗೌಂಡಿ. ಅವನು ಕಟ್ಟಿದ ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡುವ ಅಗತ್ಯವೇ ಇಲ್ಲ ಎನ್ನುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಮೊಳೆ ಚುಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಬೂಟಿನೊಳಗೆ ರಕ್ತ ಕಂಡಾಗ ಸುಣ್ಣ ಬೆಲ್ಲ ಕಲಸಿ ಹಚ್ಚಿದ. ಹದಿನೈದು ದಿನವಾದರೂ ಮಾಯಲಿಲ್ಲ. ಭೋರಿನ ಆಸ್ಪತ್ರೆಯ ಸಾಯಲಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ರಕ್ತ ನೋಡಿ, ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿವೆ ಎಂದಳು. ಗುಳಿಗೆ ಕೊಟ್ಟಳು. ಬೆರಳಿಗೆ ಪಟ್ಟಿ ಕಟ್ಟುತ್ತ, "ಭಾತ ಕಮಿ ಕರಾ, ಮಾವಶಿ. ಭಾಕರಿ ದ್ಯಾ. ಪಾಲೇಭಾಜಿ ದ್ಯಾ" ಎಂದಳು. ಅನ್ನ ಕಡಿಮೆ ಮಾಡು, ರೊಟ್ಟಿ ಕೊಡು, ಸೊಪ್ಪು ಕೊಡು. ಎರಡು ತಿಂಗಳಲ್ಲಿ ಒಣಗಿದರೆ ಸರಿ, ಇಲ್ಲದಿದ್ದರೆ ಬೆರಳು ತೆಗೆಯಬೇಕಾದೀತು.

ಯಂಕವ್ವನಿಗೆ ಆ ಮಾತು ಕೇಳಿ ಜೀವ ಹಗುರಾಗಿತ್ತು. ಡಾಕ್ಟರೆಂದರೆ ಕೈಗೆಟುಕದ್ದನ್ನು ಹೇಳುವವರು. ಈ ಹುಡುಗಿ ಹುಟ್ಟಿದಾಗಿನಿಂದ ತಿಂದದ್ದನ್ನೇ ತಿನ್ನಲು ಹೇಳಿದ್ದಳು. ಅದೇ ಕೈಗೆಟುಕುವುದಿಲ್ಲ ಎಂಬುದು ಗುಡ್ಡ ಹತ್ತಿದ ಮೇಲೆ ನೆನಪಾಯಿತು.

ಕಾಲಿನಿಂದಾಗಿ ಹಣಮಂತ್ರಾಯನನ್ನು ಗೋಡೆಯ ಕೆಲಸದಿಂದ ಇಳಿಸಿ ಗೇಟಿನಲ್ಲಿ ಕೂರಿಸಿದರು. ಒಂದು ಪ್ಲಾಸ್ಟಿಕ್ ಕುರ್ಚಿ, ಗಾಡಿ ಬಂದರೆ ಎತ್ತಲು ಒಂದು ಅಡ್ಡಗೋಲು. ಈ ಕುರ್ಚಿ ಕೊಡಿಸಿದವನು ಗ್ಯಾಂಗಿನ ಮುಕಾದಮ ಶಂಕ್ರೆಪ್ಪ, ಹಣಮಂತ್ರಾಯನ ಚಿಕ್ಕಪ್ಪನ ಮಗ. "ವೈನಿ, ಕುರ್ಚಿ ಖಾಲಿ ಬಿಡಬ್ಯಾಡ್ರಿ. ಒಂದಿನ ಬಿಟ್ರ ಸೂಪರ್‌ವೈಜರ್ ಅಲ್ಲಿ ತನ್ನ ಮಂದೀನ್ನ ಕುಂದ್ರಸ್ತಾನ. ಕುರ್ಚಿ ಹೋದ್ರ ಶೆಡ್ಡೂ ಹೋಯ್ತು" ಎಂದು ಅವನು ಮೊದಲ ದಿನವೇ ಹೇಳಿದ್ದ. ಅವನು ಹೆದರಿಸಲು ಹೇಳಿದ್ದಲ್ಲ. ಇದ್ದದ್ದೇ ಹಾಗೆ.

ಜೋಳಕ್ಕೆ ದಾರಿ ತೆರೆದವನು ಜೈಭೀಮ. ಪುಣೆಯಿಂದ ಟೈಲ್ಸು ತರುವ ಟೆಂಪೋದ ಡ್ರೈವರ್, ಶಹಾಪುರದವನು. ಶೀತಲ ಊರಲ್ಲಿ ಜೋಳ ಬೀಸಿಸಿ, ಖಾಸಗಿ ಬಸ್ಸಿನಲ್ಲಿ ಪುಣೆಯ ಹಡಪಸರಕ್ಕೆ ಹಾಕಿದರೆ ಅವನು ಇಳಿಸಿಕೊಂಡು ಬರುತ್ತಿದ್ದ. ತಿಂಗಳಿಗೊಮ್ಮೆ ಒಂದು ಚೀಲ. ಹೆಚ್ಚು ತರಿಸಿ ಇಡುವಂತಿಲ್ಲ. ಜೋಳದ ಹಿಟ್ಟು ಹಳತಾದರೆ ಜಿಗುಟು ಕಳೆದುಕೊಳ್ಳುತ್ತದೆ, ಬಡಿದರೆ ಅಂಚು ಸೀಳುತ್ತದೆ. ಒಬ್ಬ ಮನುಷ್ಯನಿಗೆ ದಿನಕ್ಕೆ ನಾಲ್ಕು ರೊಟ್ಟಿಯಂತೆ ಅದು ತಿಂಗಳು ನಡೆಯಬೇಕು.

ಮೊದಲ ಚೀಲ ಒಂಬತ್ತು ದಿನಕ್ಕೆ ತಳ ಕಂಡಿತು.

ಉಳಿದ ದಿನಗಳಲ್ಲಿ ಹಣಮಂತ್ರಾಯ ಮತ್ತೆ ಅನ್ನ ಉಂಡ. ಪಟ್ಟಿ ಬಿಚ್ಚಿದಾಗ ಬೆರಳ ಸುತ್ತ ಚರ್ಮ ಕಪ್ಪಗಿತ್ತು. ಎರಡನೆಯ ಚೀಲ ಬಂದ ದಿನ ಯಂಕವ್ವ ಅದನ್ನು ಹಾಸಿಗೆಯ ಹಿಂದಿಟ್ಟು, ಅದರ ಮುಂದೆ ಬಹಳ ಹೊತ್ತು ಕುಳಿತಳು. ಹಿಟ್ಟನ್ನು ಬಚ್ಚಿಡಬಹುದು. ಬಾಗಿಲನ್ನು ಮುಚ್ಚಬಹುದು. ಸದ್ದನ್ನು ಎಲ್ಲಿ ಬಚ್ಚಿಡುವುದು?

ಮರುದಿನ ಅವಳು ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿದಳು. ನಳ ಕೂರಿಸುವವರು ಬಿಟ್ಟು ಹೋಗಿದ್ದ ಪೈಪಿನ ತುಂಡನ್ನು ಉಜ್ಜಿ ತೊಳೆದು, ಪೇಟೆಯ ಹೆಂಗಸರು ಲಟ್ಟಿಸುವಂತೆ ಲಟ್ಟಿಸಿದಳು. ಇಪ್ಪತ್ತೆಂಟು ವರ್ಷ ಬಡಿದ ಕೈ ಅದು. ಮೊದಲ ರೊಟ್ಟಿ ಮೂರು ಮೂಲೆಯಾಯಿತು. ಎರಡನೆಯದು ಪೈಪಿಗೆ ಅಂಟಿ ಎದ್ದು ಬಂತು. ತಗಡಿನ ಬಾಗಿಲು ಮುಚ್ಚಿದ್ದರಿಂದ ಹೊಗೆ ಒಳಗೇ ಸುತ್ತಿ ಕಣ್ಣೀರು ಇಳಿಯಿತು. ಆದರೆ ಹೊರಗೆ ಹಲ್ಲುಜ್ಜುವವರ ಮಾತು ನಿಲ್ಲಲಿಲ್ಲ.

ಹಣಮಂತ್ರಾಯ ತಾಟಿನಲ್ಲಿದ್ದುದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದೇನ, ನಿನ್ನ ಹೊಸಾ ಚಪಾತಿ?"

"ರೊಟ್ಟಿನೇ. ಉಣ್ರಿ."

"ಬಾಗ್ಲಾ ಯಾಕ ಹಾಕೀ? ಸೂತಕದ ಮನ್ಯಾಗ ಕುಂತಂಗ ಆಗ್ಯದ."

"ಸೂತಕ ಬರಬಾರದಂತೇ ಹಾಕೀನಿ."

ಅವನು ನಕ್ಕ. ಯಾವ ಮಾತಿಗೂ ಮೊದಲು ನಗುವುದು ಅವನ ಸ್ವಭಾವ. ಮುರಿದು ಬಾಯಿಗಿಟ್ಟು, "ಬಾಗ್ಲಾ ಮುಚ್ಚಿ ಉಣ್ಣೋ ಮಂದಿ ಅಲ್ಲಲೇ ನಾವು. ನಮ್ಮಪ್ಪ ಕೇಳಿದ್ರ ಅತ್ತಾನು" ಎಂದ.

"ನಿಮ್ಮಪ್ಪಗ ಹತ್ತೂ ಬೆರಳ ಇದ್ದುವು."

ಆ ಮಾತಿಗೆ ಅವನು ನಗಲಿಲ್ಲ. ಎರಡು ರೊಟ್ಟಿ ಉಂಡ. ಎರಡನ್ನು ಅವಳು ಮಧ್ಯಾಹ್ನಕ್ಕೆಂದು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು.

ಹೀಗೆ ದಿನಗಳು ನಡೆದವು. ಆರು ಗಂಟೆಗೆ ಬಾಗಿಲು ಹಾಕುವುದು, ಹೊಗೆಯಲ್ಲಿ ಕೂರುವುದು, ಕಳ್ಳಿಯಂತೆ ಲಟ್ಟಿಸುವುದು. ತಾನು ಒಂದು ತುಣುಕೂ ಮುರಿಯುತ್ತಿರಲಿಲ್ಲ. ಹಾಗಾದರೂ ಪಾಪ ಕಡಿಮೆಯಾದೀತೆಂದು ಅವಳ ಎಣಿಕೆ. ಬಾಗಿಲು ತೆರೆದ ಮೇಲೆ ನೀರಿನ ಟ್ಯಾಂಕಿಗೆ ಹೋಗುವ ಇಪ್ಪತ್ತು ಹೆಜ್ಜೆ ಅವಳಿಗೆ ಇಪ್ಪತ್ತು ಮನೆ ದಾಟಿದಂತೆ. ಯಾರೂ ಏನೂ ಕೇಳುತ್ತಿರಲಿಲ್ಲ. ಮೊದಲೆಲ್ಲ ಕೊಡ ಎತ್ತಿ ತಲೆಯ ಮೇಲಿಡಲು ಯಾರಾದರೂ ಕೈಕೊಡುತ್ತಿದ್ದರು. ಈಗ ತಾನೇ ಎತ್ತಿಕೊಂಡಳು.

ಹತ್ತನೆಯ ದಿನ ಸುಮಂಗಲಾ ಟ್ಯಾಂಕಿನ ಹತ್ತಿರ ಕೂಸಿನ ಬಟ್ಟೆ ಹಿಂಡುತ್ತ, ಮುಖ ಎತ್ತದೆ ಹೇಳಿದಳು:

"ಯಕ್ಕಾ, ಸಪ್ಪುಳ ಮುಚ್ಚೀರಿ, ಪಾಡಾತು. ಒಂದೀಟು ನಮ್ಮ ಮೂಗೂ ಕಟ್ಟಿದ್ರ ಬೇಷಿತ್ತು ನೋಡ್ರಿ."

ಹಂಚಿನ ಮೇಲೆ ಬೇಯುವ ಜೋಳಕ್ಕೆ ಬಾಗಿಲಿಲ್ಲ ಎಂಬುದನ್ನು ಯಂಕವ್ವ ಮರೆತಿದ್ದಳು. ಮೂವತ್ತು ಶೆಡ್ಡಿಗೂ ಪ್ರತಿದಿನ ಬೆಳಗ್ಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಯಾರೂ ಬಾಗಿಲಿಗೆ ಬಂದಿರಲಿಲ್ಲ.

"ಅವ್ರ ಬೆರಳಿಗಿ ಬೇಕವ್ವ," ಎಂದಳು.

"ಗೊತ್ತದ ಬಿಡ್ರಿ." ಸುಮಂಗಲಾ ಬಟ್ಟೆ ಕೊಡವಿದಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು, ಕೂಸಿನ ಕಡೆ ನೋಡಿ, ಸುಮ್ಮನಾದಳು.

ಆ ಮೌನವನ್ನು ಯಂಕವ್ವ ಸಿಟ್ಟೆಂದುಕೊಂಡಳು.

ಸಹಿಸಿದ್ದು ಬೆರಳಿಗಾಗಿ. ಚೀಲ ಈ ಸಲ ಇಳಿಯುತ್ತಿದ್ದುದು ನಿಧಾನವಾಗಿ. ದಿನಕ್ಕೆ ನಾಲ್ಕೇ ರೊಟ್ಟಿ. ಪ್ರತಿ ಸಂಜೆ ಅವಳು ಬಿಸಿನೀರಿನಲ್ಲಿ ಅವನ ಕಾಲು ತೊಳೆದು ಪಟ್ಟಿ ಬಿಚ್ಚಿ ನೋಡುತ್ತಿದ್ದಳು. ಒಂದು ದಿನ ಒಣಗಿದಂತೆ ಕಾಣುತ್ತಿತ್ತು. ಮರುದಿನ ತೇವ. ಒಮ್ಮೆ ಒಂದು ವಾಸನೆ ಬಂದಂತಾಯಿತು. ಔಷಧಿಯದಿರಬೇಕು ಎಂದುಕೊಂಡಳು. ಜೋಳ ತಿನ್ನುತ್ತಿರುವವನ ಕಾಲು ಅದು, ಕೊಳೆಯಲು ಹೇಗೆ ಸಾಧ್ಯ?

ಡಾಕ್ಟರು ಹೇಳಿದ ಎರಡು ತಿಂಗಳು ತುಂಬಿದ ಬುಧವಾರ, ಡೀಸೆಲ್ ತರಲು ಭೋರಿಗೆ ಹೊರಟ ಸೈಟಿನ ಜೀಪಿನಲ್ಲಿ ಶಂಕ್ರೆಪ್ಪ ಇಬ್ಬರನ್ನೂ ಕೂರಿಸಿಕೊಂಡ. ಮಧ್ಯಾಹ್ನ ಒಂದು ಗಂಟೆಯೊಳಗೆ ಹಿಂದಿರುಗಬೇಕು. ಅಲ್ಲಿಯತನಕ ಕುರ್ಚಿಯಲ್ಲಿ ಬಾಳು ಕೂತಿರುತ್ತಾನೆ. ಸೂಪರ್‌ವೈಜರ್ ಊಟಕ್ಕೆ ಬರುವುದರೊಳಗೆ ಹಣಮಂತ್ರಾಯ ಅಲ್ಲಿರಬೇಕು.

ಆಸ್ಪತ್ರೆಯಲ್ಲಿ ಸರದಿ ಬರುವಷ್ಟರಲ್ಲೇ ಹನ್ನೆರಡೂವರೆ. ಡಾಕ್ಟರ್ ಸಾಯಲಿ ಪಟ್ಟಿ ಬಿಚ್ಚಿದಳು. ಮೂಗಿನ ಮೇಲಿನ ಮುಖಗವಸನ್ನು ಇನ್ನಷ್ಟು ಮೇಲೆ ಎಳೆದುಕೊಂಡಳು. ಒಂದು ಕಡ್ಡಿಯಿಂದ ಬೆರಳನ್ನು ಅಲ್ಲಿ ಇಲ್ಲಿ ಮುಟ್ಟಿ, "ನೋವಾಗುತ್ತಾ, ಕಾಕಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಏನೂ ಇಲ್ಲ ನೋಡ್ರಿ ಬಾಯಾರ. ಪೂರಾ ಆರಾಮ," ಎಂದ ಹಣಮಂತ್ರಾಯ. ಅವನ ಮರಾಠಿಯಲ್ಲಿ ಅರ್ಧ ಸುರಪುರವೇ ಇರುತ್ತಿತ್ತು.

"ನೋವಾಗದೆ ಇರೋದೇ ಕೆಟ್ಟದ್ದು." ಅವಳು ಕಡ್ಡಿ ಕೆಳಗಿಟ್ಟಳು. ಬೆರಳು ಸತ್ತಿದೆ, ತೆಗೆಯಲೇಬೇಕು. ಇವತ್ತೇ ಆಸ್ಪತ್ರೆಗೆ ಭರ್ತಿಯಾದರೆ ಬೆರಳೊಂದೇ ಹೋಗುತ್ತದೆ. ಇವತ್ತು ಹೋಗಿ ಮುಂದಿನ ವಾರ ಬಂದರೆ ಎಲ್ಲಿಗೆ ನಿಲ್ಲುತ್ತದೋ ತಾನು ಹೇಳಲಾರೆ. ರಕ್ತದ ಚೀಟಿ ನೋಡಿ ಅವಳು ಯಂಕವ್ವನತ್ತ ತಿರುಗಿದಳು. "ಸಕ್ಕರೆ ಹೋದ ಸಲಕ್ಕಿಂತ ಹೆಚ್ಚಿದೆ, ಮಾವಶಿ. ಭಾಕರಿ ಕೊಡು ಅಂತ ಹೇಳಿದ್ದೆ. ಏನು ಕೊಡ್ತಿದ್ದೆ?"

"ರೊಟ್ಟಿನೇ ಬಾಯಾರ. ಮುಂಜಾನಿ ಎರಡ, ಮಧ್ಯಾಹ್ನ ಎರಡ. ರಾತ್ರಿ ಒಂದ್ ಮುಷ್ಟಿ ಅನ್ನ, ಬ್ಯಾಳಿ."

"ಸುಳ್ಳು ಹೇಳಬೇಡ. ಚೀಟಿ ಬೇರೆ ಹೇಳ್ತಿದೆ."

ಯಂಕವ್ವ ಡಾಕ್ಟರ ಮುಖವನ್ನೇ ನೋಡಿದಳು. ಜೀವನದಲ್ಲಿ ಅವಳು ಹೇಳಿದ ಸುಳ್ಳುಗಳು ಕಡಿಮೆಯೇನಲ್ಲ. ಆದರೆ ಇದು ಅವುಗಳಲ್ಲಿ ಸೇರಿರಲಿಲ್ಲ.

"ಅಕೀದೇನ್ ತಪ್ಪಿಲ್ರಿ," ಎಂದ ಹಣಮಂತ್ರಾಯ. ಅವನು ನಗುತ್ತಲೇ ಇದ್ದ, ಆದರೆ ಕಣ್ಣು ನೆಲದಲ್ಲಿತ್ತು. "ಮಧ್ಯಾಹ್ನದ್ದು ನಾ ಉಂಡಿಲ್ಲ."

"ಏನಂದ್ರಿ?" ಇದು ಯಂಕವ್ವ, ಕನ್ನಡದಲ್ಲಿ.

"ಗೇಟಿನ ಮುಂದ ಮಂದಿ ಹಾಯ್ತಿರ್ತಾರಲೇ. ಡಬ್ಬಿ ತೆಗದ್ರ ವಾಸನಿ ಬರ್ತದ. ನಿಂತು ನೋಡಂಗಿಲ್ಲ ಅವ್ರು, ಮಾರಿ ಆ ಕಡಿ ತಿರಿವಿ ಹೋಗ್ತಾರ. ನೋಡಿದ್ರ ಉಣಬೌದಿತ್ತು. ಮಾರಿ ತಿರಿವಿದವ್ರ ಮುಂದ ಹ್ಯಾಂಗ ಉಣ್ಲಿ ನಾ?"

"ಯಾರಿಗಿ ಕೊಟ್ರಿ?"

"ಒಂದ್ ದಿನ ಒಬ್ರಿಗಿ. ಸುಮಂಗಲಾಗ ಹಾಲು ಇಳೀವಲ್ಲವಂತ, ಅಕಿಗಿ ದಿನಾ ಒಂದು. ಅವ್ರೇನ್ ಸುಮ್ನ ಇಸ್ಕೊಂಡಿಲ್ಲ ಮತ್ತ. ಅವ್ರ ಡಬ್ಬ್ಯಾಗಿನ ಅನ್ನ ಹಾಕ್ಯಾರ, ಒಂದೊಂದಿನ ಶಾವಗಿ ಹಾಕ್ಯಾರ. ಹೊಟ್ಟಿ ತುಂಬ ಉಂಡೀನಿ. ಉಪಾಸ ಕುಂತಿಲ್ಲ." ಪಟ್ಟಿ ಬಿಚ್ಚಿದ ಕಾಲನ್ನು ಹಿಂದಕ್ಕೆಳೆದುಕೊಂಡು, "ನೀ ಬಾಗ್ಲಾ ಮುಚ್ಚಿದ್ದು ನನ್ನ ಕಾಲಿಗಿ ಅಂತ ಮಂದಿಗಿ ಗೊತ್ತಾಗಬೇಕಿಲ್ಲೇನು? ನಿನಗ ಕೆಟ್ಟ ಹೆಸರ ಬರಬಾರದಂತ ಕೊಟ್ಟೆ" ಎಂದ.

ಹೊಗೆಯಲ್ಲಿ ಕೂತ ಬೆಳಗುಗಳೆಲ್ಲ ಯಂಕವ್ವನ ಕಣ್ಣಿಗೆ ಒಮ್ಮೆಗೇ ಬಂದವು. ಬಟ್ಟೆ ಕೊಡವುತ್ತ ಸುಮ್ಮನಾದ ಸುಮಂಗಲಾಳ ಮುಖವೂ ಬಂತು. ಅದು ಸಿಟ್ಟಾಗಿರಲಿಲ್ಲ. ಬಯ್ಯಲು ಅವಳು ಬಾಯಿ ತೆರೆದಳು. ಯಾರನ್ನು ಬಯ್ಯುವುದು? ಹಾಲಿಲ್ಲದ ಬಾಣಂತಿಯನ್ನೇ? ಒಬ್ಬನೇ ಉಣ್ಣಲಾರದ ಈ ಮನುಷ್ಯನನ್ನೇ? ಅವನ ಜಾಗದಲ್ಲಿ ಆ ಕುರ್ಚಿಯ ಮೇಲೆ ತಾನು ಕೂತಿದ್ದರೆ ಡಬ್ಬಿ ಮುಚ್ಚಿಕೊಂಡು ಉಣ್ಣುತ್ತಿದ್ದಳೇ?

ಸಾಯಲಿಗೆ ಅವರ ಕನ್ನಡ ಅರ್ಧ ತಿಳಿದಿರಬೇಕು. ಅವಳು ಬೇಸರದಿಂದಲ್ಲ, ದಣಿವಿನಿಂದ ಎಂಬಂತೆ ಮತ್ತೆ ಮೊದಲಿನಿಂದ ಹೇಳತೊಡಗಿದಳು. ಬೆಳಗ್ಗೆ ಮೊಳಕೆ ಕಾಳು. ಊಟದ ಜೊತೆ ಸೌತೆಕಾಯಿ. ಮೆಂತ್ಯ, ಪಾಲಕ, ದಿನಕ್ಕೊಂದು ಸೊಪ್ಪು. ಒಂದು ಪೇರಲ ಹಣ್ಣು ತಿಂದರೂ ನಡೆಯುತ್ತದೆ. ಅವಳು ಹೇಳುತ್ತ ಹೋದ ಒಂದೊಂದಕ್ಕೂ ಹಣಮಂತ್ರಾಯ ಶಾಲೆಯ ಹುಡುಗನಂತೆ ತಲೆ ಆಡಿಸುತ್ತಿದ್ದ.

ಬಾಗಿಲಿನಿಂದ ಶಂಕ್ರೆಪ್ಪ ತಲೆ ಹಾಕಿದ. "ಯಣ್ಣಾ, ಒಂದ್ ಆಗ್ಲಕ ಬಂತು. ಬಾಳು ಎರಡು ಸಲ ಫೋನ್ ಮಾಡ್ಯಾನ. ಪಟ್ಟಿ ಕಟ್ಟಿಸ್ಕೊಂಡು ಏಳು, ಮುಂದಿನ ವಾರ ಕರಕೊಂಡು ಬರ್ತೀನಿ."

"ಬಂದೆ ಬಂದೆ." ಹಣಮಂತ್ರಾಯ ಮೇಜಿನ ಅಂಚು ಹಿಡಿದು, ಏಳುವ ಮುಂಚೆ ಡಾಕ್ಟರತ್ತ ಬಾಗಿದ. ಮುಖ ಅರಳಿತ್ತು. "ಬಾಯಾರ, ನೀವು ಇಷ್ಟು ಹೇಳಿದ್ರಿ, ನಾ ಒಂದ್ ಮಾತು ಹೇಳ್ತೀನಿ. ಒಂದ್ ರವಿವಾರ ನಮ್ಮ ಗುಡ್ಡಕ್ಕ ಬರ್ರಿ. ಇಕಿ ಕೈಯಾಗಿನ ರೊಟ್ಟಿ ಉಂಡ್ರ ನೀವು ಭೋರ್ ಮರೀತೀರಿ. ಹಿಟ್ಟು ಇನ್ನೂ ಅದ, ನಿಮಗ ಕಡಿಮಿ ಬೀಳಂಗಿಲ್ಲ. ಮನ್ಯಾಗ ಎಷ್ಟು ಮಂದಿ ಇದ್ದೀರಿ? ಎಲ್ಲಾರನ್ನೂ..."

ಯಂಕವ್ವ ಎದ್ದಳು.

"...ಕರಕೊಂಡೇ ಬರ್ರಿ. ಹೌದಿಲ್ಲೇ ಯಂಕಿ? ನೀನೇ ಕರಿ, ನಾ ಕರದ್ರ ಬರಂಗಿಲ್ಲ ಬಾಯಾರು..."

ಅವಳು ಸೆರಗಿನ ಗಂಟು ಬಿಚ್ಚಿ ಅವನ ಆಧಾರ್ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಶಂಕ್ರೆಪ್ಪ ಅವಳಿಗೆ ದಾರಿ ಬಿಟ್ಟು, ಜೀಪು ನಿಂತಿದ್ದ ಅಂಗಳದ ಕಡೆ ಕೈ ತೋರಿಸಿದ.

"ವೈನಿ, ಈ ಕಡಿ. ಏ ವೈನಿ, ಅತ್ತಾಗ ಎಲ್ಲಿಗಿ? ಅದು ಭರ್ತಿ ಮಾಡೋ ಕಿಟಕಿ. ಕುರ್ಚಿದು ವಿಚಾರ ಮಾಡ್ರಿ ಒಂದೀಟು, ನಾ ಏನ್ ಹೇಳ್ಲಕತ್ತೀನಂದ್ರ..."

ಯಂಕವ್ವ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು, ಪಡಸಾಲೆಯ ತುದಿಯ ಕಿಟಕಿಯ ಕಡೆಗೆ ನಡೆದಳು.